ಅಂಬಾಸಿಡರ್ ನಮ್ಮದು, ನಿಕ್ಕಿ ಮಾತ್ರ ನಕಲಿಯೇ?

ಹಳೆಯ ಡೈಕಾಸ್ಟ್, ಅಂದರೆ ಲೋಹವನ್ನು ಅಚ್ಚಿಗೆ ಹೊಯ್ದು ಮಾಡಿದ, ಆಟಿಕೆ ಕಾರುಗಳನ್ನು ಕೂಡಿಡುವವರ ನಡುವೆ ಕಲ್ಕತ್ತೆಯ ನಿಕ್ಕಿ ಟಾಯ್ಸ್‌ನ ಹೆಸರೆತ್ತಿದರೆ ಸಾಕು, ‘ಅಯ್ಯೋ, ಅದು ಡಿಂಕಿಯ ಡೂಪ್ಲಿಕೇಟ್’ ಎಂದು ಒಬ್ಬರಾದರೂ ಮೂಗು ಮುರಿಯುತ್ತಾರೆ. ಈ ಮಾತು ಕೇಳಿ ಕೇಳಿ ನನಗೆ ರೇಗಿಹೋಗಿದೆ.

ಲಿವರ್‌ಪೂಲಿನ ಬಿನ್ಸ್ ರಸ್ತೆಯಲ್ಲಿದ್ದ ಮೆಕ್ಯಾನೋ ಕಾರ್ಖಾನೆ 1934ರಿಂದ ಡಿಂಕಿ ಎಂಬ ಹೆಸರಿನಲ್ಲಿ ಆಟಿಕೆ ಮಾರುತ್ತಿತ್ತು. ಕರಗಿದ ಸತುವಿನ ಮಿಶ್ರಲೋಹವನ್ನು ಉಕ್ಕಿನ ಅಚ್ಚಿನೊಳಗೆ ಒತ್ತಡದಿಂದ ನುಗ್ಗಿಸಿದರೆ ಕಾರಿನ ಮೈ ಸಿದ್ಧ. ಈ ಲೋಹ 400 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಮೊದಲೇ ಕರಗುವುದರಿಂದ ಅಚ್ಚು ಬೇಗ ಸವೆಯುವುದಿಲ್ಲ. ಲಕ್ಷಗಟ್ಟಲೆ ಎರಕ ಹೊಯ್ದರೂ ತಾಳುತ್ತದೆ. ಇಂಗ್ಲೆಂಡಿನಲ್ಲಿ ಮಾದರಿ ಹಳತಾದರೂ ಅಚ್ಚಿಗೆ ಆಯುಸ್ಸು ಉಳಿದಿರುತ್ತಿತ್ತು. ಅಂಥ ಅಚ್ಚುಗಳೇ 1960ರ ದಶಕದ ಕೊನೆಯ ಹೊತ್ತಿಗೆ ಕಲ್ಕತ್ತೆಯ ಎಸ್. ಕುಮಾರ್ ಅಂಡ್ ಕಂಪನಿಯ ಕೈಸೇರಿದವು. ನಿಕ್ಕಿ ಹುಟ್ಟಿದ್ದು ಹೀಗೆ.

ನಕಲಿನ ದಾರಿ ಬೇರೆ. ಅಂಗಡಿಯಲ್ಲಿ ಕೊಂಡ ಕಾರಿನ ಮೇಲೆಯೇ ಹೊಸ ಅಚ್ಚು ತೆಗೆಯುತ್ತಾರೆ. ಲೋಹ ತಣಿಯುವಾಗ ಕುಗ್ಗುತ್ತದಲ್ಲ, ಹಾಗಾಗಿ ನಕಲು ಕಾರು ಮೂಲಕ್ಕಿಂತ ತುಸು ಚಿಕ್ಕದಾಗುತ್ತದೆ, ಬಾಗಿಲಿನ ಗೆರೆಗಳು ಮಸುಕಾಗುತ್ತವೆ. ನನ್ನಲ್ಲಿರುವ ನಿಕ್ಕಿಯ ಜಾಗ್ವಾರ್ ಮಾರ್ಕ್ 10 ಕಾರಿನ ಮುಂದಿನ ಜಾಲರಿಯ ಮೇಲೆ ಉಗುರು ಎಳೆದರೆ ಒಂದೊಂದು ಕಡ್ಡಿಯೂ ತಾಗುತ್ತದೆ. ಮಗುಚಿ ನೋಡಿದರೆ, ತಳದಲ್ಲಿ ಡಿಂಕಿಯ ಹೆಸರನ್ನು ಅಳಿಸಿದ ಗುರುತು. ಬಣ್ಣ ಒರಟು, ಒಪ್ಪುತ್ತೇನೆ. ಆದರೆ ಕಲ್ಕತ್ತೆಯ ಲೋಹವೇ ಕಳಪೆ ಎಂದು ಸಾರಾಸಗಟಾಗಿ ತೀರ್ಪು ಕೊಡುವವರು ಒಂದು ವಿಷಯ ನೆನಪಿಡಲಿ: ಅವರು ದುಬಾರಿ ಬೆಲೆ ತೆತ್ತು ತರಿಸುವ, ಎರಡನೇ ಮಹಾಯುದ್ಧಕ್ಕೂ ಮುಂಚಿನ ಲಿವರ್‌ಪೂಲ್ ಡಿಂಕಿಗಳಲ್ಲೇ ಎಷ್ಟೋ ಕಾರುಗಳು ಸತುವಿನಲ್ಲಿ ಬೆರೆತ ಸೀಸದಿಂದಾಗಿ ಬಿರುಕುಬಿಟ್ಟು ಪುಡಿಯಾಗುತ್ತವೆ. ಅದಕ್ಕೆ ಮದ್ದೂ ಇಲ್ಲ.

ಇನ್ನು ಅಂಬಾಸಿಡರ್ ಕಾರನ್ನೇ ನೋಡಿ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3, ಕಲ್ಕತ್ತೆಯ ಪಕ್ಕದ ಉತ್ತರಪಾರಾದಲ್ಲಿ ಅಂಬಾಸಿಡರ್ ಎನ್ನಿಸಿಕೊಂಡು 2014ರವರೆಗೂ ತಯಾರಾಯಿತು. ಅದನ್ನು ಯಾರಾದರೂ ‘ಡೂಪ್ಲಿಕೇಟ್ ಮಾರಿಸ್’ ಎಂದು ಕರೆದರೆ ನಾವು ಸುಮ್ಮನಿರುತ್ತೇವೆಯೇ? ದೊಡ್ಡ ಕಾರಿಗೆ ಒಂದು ನ್ಯಾಯ, ಅಂಗೈಯಗಲದ ಕಾರಿಗೆ ಇನ್ನೊಂದು.

ನನಗೆ ತೀರಾ ಇಷ್ಟವಾದದ್ದು ನಿಕ್ಕಿಯ ಸ್ಟ್ಯಾಂಡರ್ಡ್ 20 ಮಿನಿಬಸ್. ಇಂಗ್ಲೆಂಡಿನ ಸ್ಟ್ಯಾಂಡರ್ಡ್ ಅಟ್ಲಾಸ್ ವ್ಯಾನ್ ಮದರಾಸಿಗೆ ಬಂದು ‘ಸ್ಟ್ಯಾಂಡರ್ಡ್ 20’ ಆಯಿತು. ಡಿಂಕಿಯ ಅಟ್ಲಾಸ್ ಆಟಿಕೆಯೂ ಕಲ್ಕತ್ತೆಗೆ ಬಂದು ಅದೇ ಹೆಸರು ತಾಳಿತು. ಅಸಲಿ ಗಾಡಿ, ಆಟಿಕೆ ಎರಡೂ ಒಂದೇ ರೀತಿ ಸಮುದ್ರ ದಾಟಿ ಬಂದು ಹೆಸರು ಬದಲಿಸಿಕೊಂಡ ಇಂಥ ಜೋಡಿ ಎಷ್ಟಿದ್ದೀತು?

ಈಗೀಗ ಕೆಲವು ವ್ಯಾಪಾರಿಗಳು ನಿಕ್ಕಿಯ ಬಣ್ಣ ಕಿತ್ತು, ತಳ ಉಜ್ಜಿ, ಹೊಸ ಬಣ್ಣ ಬಳಿದು ಡಿಂಕಿ ಎಂದು ದಾಟಿಸುತ್ತಿದ್ದಾರೆ. ಹೀಗೆ ಮಾಡಿದ ಮೇಲೆ ಅದು ಖಂಡಿತ ನಕಲಿ. ಮನೆಯ ಅಟ್ಟದಲ್ಲಿ ನಿಕ್ಕಿ ಸಿಕ್ಕಿದರೆ ಧೂಳು ಒರೆಸಿ, ಅಷ್ಟು ಸಾಕು. ತಳಕ್ಕೆ ಉಪ್ಪುಕಾಗದ ಮುಟ್ಟಿಸಬೇಡಿ.