ನಡೆದಾಡುವ ಲಗೇಜು

ನಮ್ಮ ಮನೆಯಲ್ಲಿ ಯಾರಾದರೂ ವಿಮಾನ ಹತ್ತುವವರಿದ್ದರೆ ಹಿಂದಿನ ರಾತ್ರಿ ಪಡಸಾಲೆಯ ನಡುವೆ ತೂಕದ ಯಂತ್ರ ಬಂದು ಕೂರುತ್ತದೆ. ಅದು ಮನುಷ್ಯರು ಹತ್ತಿ ನಿಲ್ಲುವ ಯಂತ್ರ. ಸೂಟ್‌ಕೇಸನ್ನು ಅದರ ಮೇಲೆ ಮಲಗಿಸಿದರೆ ಅಂಕಿಯೇ ಮುಚ್ಚಿಹೋಗುತ್ತದೆ. ಆದ್ದರಿಂದ ಮೊದಲು ನಾನೊಬ್ಬನೇ ಹತ್ತಬೇಕು, ಆಮೇಲೆ ಸೂಟ್‌ಕೇಸನ್ನು ಅಳುವ ಮಗುವಿನಂತೆ ಎದೆಗೆ ಅವುಚಿಕೊಂಡು ಹತ್ತಬೇಕು, ದೊಡ್ಡ ಸಂಖ್ಯೆಯಲ್ಲಿ ಚಿಕ್ಕದನ್ನು ಕಳೆದು ಉಳಿದದ್ದೇ ಸಾಮಾನಿನ ತೂಕವೆಂದು ಸಾರಬೇಕು. ಈ ಲೆಕ್ಕದಲ್ಲಿ ಪ್ರತಿಸಲವೂ ಕಳೆದುಹೋಗುವವನು ನಾನೇ. ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯವಾಗಿ 15 ಕಿಲೋ ಸಾಮಾನನ್ನು ಕೌಂಟರಿನಲ್ಲಿ ಒಪ್ಪಿಸಬಹುದು, 7 ಕಿಲೋ ಕೈಯಲ್ಲಿ ಒಯ್ಯಬಹುದು. ನನ್ನ ತೂಕವನ್ನು ಮಾತ್ರ ಯಾರೂ ಕೇಳುವುದಿಲ್ಲ. 82 ಕಿಲೋದ ಮನುಷ್ಯನನ್ನು ಚಕಾರವೆತ್ತದೆ ಹತ್ತಿಸಿಕೊಳ್ಳುವವರು ಅವನ ಅಮ್ಮ ಕಟ್ಟಿಕೊಟ್ಟ ಮುಕ್ಕಾಲು ಕಿಲೋ ಚಟ್ನಿಪುಡಿಗೆ ದುಡ್ಡು ಕೇಳುವುದರಲ್ಲಿ ಯಾವ ನ್ಯಾಯವಿದೆಯೋ ನನಗೆ ಇಂದಿಗೂ ತಿಳಿದಿಲ್ಲ. ತೂಕ ಮೀರಿತೆಂದರೆ ಮೊದಲು ಹೊರಬೀಳುವುದು ನನ್ನ ಪುಸ್ತಕ, ಆಮೇಲೆ ನನ್ನ ಸ್ವೆಟರು. ಏನೇ ಆದರೂ ಹೊರಬೀಳದೆ ಉಳಿಯುವುದು ಅಪ್ಪೆಮಿಡಿ ಉಪ್ಪಿನಕಾಯಿಯ ಡಬ್ಬಿ.

ಆ ಯಂತ್ರದ ಮೇಲೆ ನಿಂತಾಗಲೆಲ್ಲ, ಮುಂದಿನ ಐದಾರು ಗಂಟೆಗಳ ಕಾಲ ಸಾಮಾನಿಗೂ ನನಗೂ ಹೆಚ್ಚಿನ ಭೇದವಿರುವುದಿಲ್ಲ ಎಂದು ನನಗೆ ತೋರುತ್ತದೆ. ಅದಕ್ಕೂ ಒಂದು ಚೀಟಿ, ನನಗೂ ಒಂದು ಚೀಟಿ. ಅದರ ಮೇಲೂ ಕಿರಣ ಹಾಯಿಸಿ ನೋಡುತ್ತಾರೆ, ನನ್ನನ್ನೂ ಚೌಕಟ್ಟಿನೊಳಗೆ ನುಸುಳಿಸಿ ನೋಡುತ್ತಾರೆ. ಅದೂ ಉರುಳುವ ಪಟ್ಟಿಯ ಮೇಲೆ ಕುಳಿತು ಹೋಗುತ್ತದೆ, ನಾನೂ ಉರುಳುವ ಪಟ್ಟಿಯ ಮೇಲೆ ನಿಂತು ಹೋಗುತ್ತೇನೆ. ಪ್ರಯಾಣ ಮಾಡಿ ಬಂದವರು ನಿಲ್ದಾಣಗಳನ್ನು ಹೊಗಳುವುದನ್ನೂ ಬೈಯುವುದನ್ನೂ ಬಹಳ ಕೇಳಿದ್ದೇನೆ. ತಾವು ಎಲ್ಲಿ ಬರಿಯ ಸಾಮಾನಾದರು, ಎಲ್ಲಿ ಯಾರೋ ತಮ್ಮನ್ನು ಮನುಷ್ಯರೆಂದು ಗುರುತಿಸಿದರು ಎಂಬುದಕ್ಕಿಂತ ಹೆಚ್ಚಿನದೇನೂ ಆ ಮಾತುಗಳಲ್ಲಿ ಇರುವುದಿಲ್ಲ.

ಬೆಂಗಳೂರಿನವರಿಗೆ ಈ ಸಾಮಾನಿನ ಅವತಾರ ಸ್ವಲ್ಪ ಬೇಗನೆ ಶುರುವಾಗುತ್ತದೆ. 2008ರ ಮೇ 24ರಂದು ಊರೊಳಗಿನ ಎಚ್‌ಎಎಲ್ ನಿಲ್ದಾಣದಿಂದ ಪ್ರಯಾಣಿಕರ ವಿಮಾನಗಳೆಲ್ಲ ದೇವನಹಳ್ಳಿಗೆ ಸ್ಥಳಾಂತರಗೊಂಡ ಮೇಲೆ, ಒಂದು ಗಂಟೆ ಹಾರುವುದಕ್ಕೆ ಎರಡು ಗಂಟೆ ರಸ್ತೆಯಲ್ಲಿ ಕಳೆಯುವುದು ನಮಗೆ ಅಭ್ಯಾಸವಾಗಿದೆ. ವಾಯುವಜ್ರ ಬಸ್ಸಿನಲ್ಲಿ ಹೆಬ್ಬಾಳದ ಮೇಲ್ಸೇತುವೆಯ ಬಳಿ ನಿಂತಲ್ಲೇ ನಿಂತು, ಪಕ್ಕದ ಸೀಟಿನವರ ವಿಮಾನ ನನ್ನದಕ್ಕಿಂತ ಮೊದಲೋ ಆಮೇಲೋ ಎಂದು ವಿಚಾರಿಸಿ, ಮೊದಲಾಗಿದ್ದರೆ ಒಳಗೊಳಗೇ ಸಮಾಧಾನಪಟ್ಟುಕೊಳ್ಳುವ ಸಣ್ಣಬುದ್ಧಿ ನನಗೂ ಬಂದಿದೆ. ಅಲ್ಲಿಗೆ ತಲುಪಿದ ಮೇಲೆ, 2022ರ ನವೆಂಬರಿನಲ್ಲಿ ಉದ್ಘಾಟನೆಯಾದ ಎರಡನೆಯ ಟರ್ಮಿನಲ್ ಆದರೆ, ಬಿದಿರಿನ ಛಾವಣಿಯನ್ನೂ ಅಲ್ಲಿಂದ ಇಳಿಬಿದ್ದ ಗಿಡಗಳ ಗಂಟೆಗಳನ್ನೂ ಕತ್ತೆತ್ತಿ ನೋಡುತ್ತ ನಡೆಯುವವರು ಮುಂದಿನವರ ತಳ್ಳುಗಾಡಿಗೆ ಕಾಲು ಬಡಿಸಿಕೊಳ್ಳುತ್ತಾರೆ. ಕಟ್ಟಡ ಚೆನ್ನಾಗಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಮನೆಗೆ ಬಂದು ಹತ್ತು ದಿನವಾದ ಮೇಲೆ ನೆನಪಿನಲ್ಲಿ ಉಳಿಯುವುದು ಬಿದಿರಲ್ಲ.

ರೈಲು ನಿಲ್ದಾಣದಲ್ಲಿ ಹತ್ತು ರೂಪಾಯಿಯ ಪ್ಲಾಟ್‌ಫಾರಂ ಟಿಕೆಟು ಕೊಂಡವರು ಕಿಟಕಿಯ ಸರಳು ಹಿಡಿದು ರೈಲು ಕದಲುವವರೆಗೂ ಮಾತಾಡಬಹುದು. ಇಲ್ಲಿ ಬೀಳ್ಕೊಡುಗೆಯೆಲ್ಲ ಬಾಗಿಲಿನ ಹೊರಗೇ ಮುಗಿಯಬೇಕು. ಟಿಕೆಟು ಮತ್ತು ಗುರುತಿನ ಚೀಟಿ ನೋಡಿ, ಮುಖ ನೋಡಿ, ಮತ್ತೊಮ್ಮೆ ಚೀಟಿಯಲ್ಲಿನ ಮುಖ ನೋಡಿ ಒಳಬಿಡುವ ಜವಾನನ ಕಣ್ಣಿನಲ್ಲಿ, ಆಧಾರ್ ಕಾರ್ಡಿನ ಆ ಚಿತ್ರಕ್ಕೂ ನನಗೂ ಸಂಬಂಧವಿಲ್ಲವೆಂಬ ಗುಮಾನಿ ಇರುವುದು ನನಗೆ ಕಾಣುತ್ತದೆ; ಅವನನ್ನು ದೂರಲಾರೆ, ನನಗೂ ಅದೇ ಗುಮಾನಿ. 2022ರ ಡಿಸೆಂಬರಿನಲ್ಲಿ ದೆಹಲಿ, ವಾರಾಣಸಿಗಳ ಜೊತೆಗೆ ಬೆಂಗಳೂರಿನಲ್ಲೂ ಮುಖವನ್ನೇ ಗುರುತಾಗಿ ನೋಡಿ ಒಳಬಿಡುವ ಡಿಜಿಯಾತ್ರಾ ವ್ಯವಸ್ಥೆ ಬಂದ ಮೇಲೆ, ಅದಕ್ಕೆ ಹೆಸರು ಕೊಟ್ಟವರ ಪಾಲಿಗೆ ಆ ಕೆಲಸವನ್ನು ಕ್ಯಾಮರಾ ಮಾಡುತ್ತದೆ. ಅದಕ್ಕೆ ಗುಮಾನಿಯೂ ಇಲ್ಲ, ನಗುವೂ ಇಲ್ಲ.

ಸಾಮಾನು ಒಪ್ಪಿಸುವ ಕಡೆಯಲ್ಲಿ ನಾನು ಕಂಡ ಒಂದು ಪ್ರಸಂಗವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟಿದ್ದ ವೃದ್ಧ ದಂಪತಿ ನನ್ನ ಮುಂದಿದ್ದರು. ಯಜಮಾನರು ತಿಪಟೂರಿನ ಕಡೆಯವರೆಂದು ಮಾತಿನಲ್ಲಿ ತಿಳಿಯಿತು. ಅವರ ಸೂಟ್‌ಕೇಸು ಪಟ್ಟಿಯ ಮೇಲೆ ಹೋಗಿ ಹತ್ತು ನಿಮಿಷ ಕಳೆಯುವುದರೊಳಗೆ ಅವರ ಹೆಸರನ್ನು ಕರೆದರು. ಪೆಟ್ಟಿಗೆ ಬಿಚ್ಚಿದರೆ, ಅಂಟಿನುಂಡೆ ಕಟ್ಟಲೆಂದು ಸೀರೆಗಳ ಮಡಿಕೆಯೊಳಗೆ ಜೋಪಾನವಾಗಿ ಇಟ್ಟಿದ್ದ ಹನ್ನೆರಡು ಕೊಬ್ಬರಿ ಗಿಟುಕುಗಳು ಒಂದೊಂದಾಗಿ ಮೇಜಿನ ಮೇಲೆ ಉರುಳಿದವು. ಕೊಬ್ಬರಿಯನ್ನು ವಿಮಾನದಲ್ಲಿ ಒಯ್ಯುವ ಹಾಗಿಲ್ಲ. ಅದರಲ್ಲಿ ಎಣ್ಣೆ ಹೆಚ್ಚು, ಒಟ್ಟಾಗಿ ತುಂಬಿಟ್ಟರೆ ತಾನಾಗಿ ಕಾವೇರಿ ಹೊತ್ತಿಕೊಳ್ಳಬಹುದು ಎಂಬ ಕಾರಣಕ್ಕೆ ಅಂತರರಾಷ್ಟ್ರೀಯ ಅಪಾಯಕಾರಿ ಸಾಮಗ್ರಿಗಳ ಪಟ್ಟಿಯಲ್ಲಿ ಅದಕ್ಕೆ ಒಂದು ಸಂಖ್ಯೆಯೇ ಇದೆ. ಕೌಂಟರಿನ ಹುಡುಗಿ ಇದನ್ನು ಬಹಳ ನಯವಾಗಿ ವಿವರಿಸಿದಳು. ಯಜಮಾನರು ಅಷ್ಟೇ ನಯವಾಗಿ ಕೇಳಿಸಿಕೊಂಡು, "ಅಲ್ಲಮ್ಮ, ನಮ್ಮನೆ ಅಟ್ಟದ ಮೇಲೆ ಕಾಯಿ ಹಾಕಿ ವರ್ಷವಿಡೀ ಬಿಡ್ತೀವಿ, ಆಮೇಲೇ ಅದು ಕೊಬ್ಬರಿ ಆಗೋದು. ನಮ್ಮ ತಾತನ ಕಾಲದಿಂದಲೂ ಅದರ ಕೆಳಗೇ ಮಲಗಿದ್ದೀವಿ. ಒಂದು ದಿನವೂ ಹೊತ್ತಿಕೊಂಡಿಲ್ಲವಲ್ಲ?" ಎಂದರು. ಹುಡುಗಿಗೆ ಉತ್ತರ ತೋಚಲಿಲ್ಲ. ಸಾಲಿನಲ್ಲಿದ್ದ ನಮಗೂ ತೋಚಲಿಲ್ಲ.

ನಿಯಮ ಬದಲಾಗಲಿಲ್ಲ, ಬದಲಾಗಲೂ ಬಾರದು. ಆದರೆ ಕಸದ ಡಬ್ಬಿಗೆ ಬೀಳಬೇಕಾಗಿದ್ದ ಆ ಕೊಬ್ಬರಿಯನ್ನು ಹುಡುಗಿ ಒಂದು ಚೀಲದಲ್ಲಿ ತುಂಬಿ, ಬಿಡಲು ಬಂದಿದ್ದ ಮಗನಿಗೆ ತನ್ನ ಫೋನಿನಿಂದಲೇ ಕರೆ ಮಾಡಿ, ಯಜಮಾನರನ್ನು ಬಾಗಿಲವರೆಗೆ ತಾನೇ ಕರೆದುಕೊಂಡು ಹೋದಳು. ಅಲ್ಲಿದ್ದ ಜವಾನ ಚೀಲದೊಳಗೆ ಕೈಯಾಡಿಸಿ ನೋಡಿ, ತಡೆಗಂಬಿಯ ಮೇಲಿಂದ ಅದನ್ನು ಮಗನ ಕೈಗೆ ದಾಟಿಸಿದ. ಹಿಂದಿರುಗಿ ಬಂದ ಯಜಮಾನರ ಮುಖದಲ್ಲಿ ಸೋಲಿನ ಕಳೆ ಇರಲಿಲ್ಲ. ಹೆಂಡತಿಯ ಬಳಿ, "ಸಿಕ್ತು ಬಿಡು, ಮನೆಗೇ ಹೋಯ್ತು" ಎಂದರು. ಅಂದಿನ ಪ್ರಯಾಣದಲ್ಲಿ ನನ್ನ ವಿಮಾನ ಎಷ್ಟು ತಡವಾಯಿತೆಂಬುದು ಮರೆತಿದೆ. ಗಾಜಿನ ಬಾಗಿಲಿನಾಚೆ ಕೊಬ್ಬರಿ ಚೀಲ ಹಿಡಿದು ನಿಂತ ಆ ಮಗ ಮರೆತಿಲ್ಲ.

ಭದ್ರತಾ ತಪಾಸಣೆಯ ಬಗ್ಗೆ ಎಲ್ಲರೂ ಹೇಳುವುದನ್ನೇ ನಾನೂ ಹೇಳಬೇಕಾಗಿಲ್ಲ. 1999ರ ಡಿಸೆಂಬರಿನ ವಿಮಾನ ಅಪಹರಣದ ಬಳಿಕ ನಮ್ಮ ನಿಲ್ದಾಣಗಳ ಕಾವಲು ಕೇಂದ್ರ ಕೈಗಾರಿಕಾ ಭದ್ರತಾ ಪಡೆಗೆ ಬಂತು. 2006ರಲ್ಲಿ ಲಂಡನ್ನಿನಿಂದ ಹೊರಡುವ ವಿಮಾನಗಳನ್ನು ದ್ರವರೂಪದ ಸ್ಫೋಟಕದಿಂದ ಉಡಾಯಿಸುವ ಸಂಚು ಬಯಲಾದ ಬಳಿಕ, ಕೈಚೀಲದಲ್ಲಿ 100 ಮಿಲಿಲೀಟರಿಗಿಂತ ದೊಡ್ಡ ಬಾಟಲಿಯ ದ್ರವ ಒಯ್ಯಬಾರದೆಂಬ ನಿಯಮ ಹುಟ್ಟಿಕೊಂಡಿತು. ಯಾರೋ ಎಲ್ಲೋ ಹೂಡಿದ ಸಂಚಿಗೆ ನಮ್ಮ ಅತ್ತೆಯ ತುಪ್ಪದ ಬಾಟಲಿ ತಲೆದಂಡ ಕೊಟ್ಟಿದೆ. ಬೆಲ್ಟು ಬಿಚ್ಚಿ, ವಾಚು ಬಿಚ್ಚಿ, ಜೇಬಿನ ಚಿಲ್ಲರೆಯನ್ನು ತಟ್ಟೆಗೆ ಸುರಿದು, ಜಾರುವ ಪ್ಯಾಂಟನ್ನು ಒಂದು ಕೈಯಿಂದ ಹಿಡಿದುಕೊಂಡೇ ಹೊಲದ ಬೆರ್ಚಪ್ಪನಂತೆ ಎರಡೂ ಕೈ ಚಾಚಬೇಕೆಂಬ ಅಪ್ಪಣೆಯನ್ನು ಪಾಲಿಸುವುದು ಹೇಗೆಂಬುದು ಅನುಭವದಿಂದಲೇ ಬರಬೇಕಾದ ವಿದ್ಯೆ. ನನಗೆ ಮುಜುಗರ ತರುವುದು ಆ ತಟ್ಟೆಗಳು. ಅವು ಸಾಲಾಗಿ ಬರುವಾಗ ಒಬ್ಬೊಬ್ಬರ ಮನೆಯೊಳಗೆ ಇಣುಕಿದಂತಾಗುತ್ತದೆ: ಮಾತ್ರೆಗಳ ಡಬ್ಬಿ, ವಾಯುನೋವಿನ ಮುಲಾಮು, ಪರ್ಸಿನಿಂದ ಹೊರಚಾಚಿದ ರಾಘವೇಂದ್ರ ಸ್ವಾಮಿಗಳ ಪಟ, ಒಂಟಿ ಕಾಲುಚೀಲ. ಸೂಟು ಬೂಟಿನ ದೊಡ್ಡ ಮನುಷ್ಯರೊಬ್ಬರು ತಮ್ಮ ತಟ್ಟೆ ಬಂದೊಡನೆ ಅದರಲ್ಲಿದ್ದ ಒಂದು ತುಂಡು ಬೆಲ್ಲದ ಪೊಟ್ಟಣವನ್ನು ಯಾರೂ ಕಾಣದಂತೆ ಜೇಬಿಗಿಳಿಸಿದ್ದನ್ನು ಕಂಡಾಗಿನಿಂದ ದೊಡ್ಡ ಮನುಷ್ಯರ ಬಗ್ಗೆ ನನಗಿದ್ದ ಭಯ ಸ್ವಲ್ಪ ಇಳಿದಿದೆ.

ತಪಾಸಣೆ ದಾಟಿದ ಮೇಲೆ ಮಾಡಲು ಕೆಲಸವಿರುವುದಿಲ್ಲ. ಮಲಗಲು ಬಾರದಂತೆ ಕೈಗಳನ್ನಿಟ್ಟ ಕುರ್ಚಿಗಳು, ಬೆಲೆಯನ್ನು ನೋಡಿದೊಡನೆ ಬಾಯಾರಿಕೆ ಹೋಗುವ ಚಹಾ, ಈಗೀಗ ಘೋಷಣೆಯನ್ನೂ ನಿಲ್ಲಿಸಿಬಿಟ್ಟ ಮೌನ. ಹೀಗೆ ಕುಳಿತಾಗ ನನಗೆ ನೆನಪಾಗುವುದು ಮೆಹ್ರಾನ್ ಕರಿಮಿ ನಾಸೆರಿ ಎಂಬ ಇರಾನಿನ ಮನುಷ್ಯ. ಕಾಗದಪತ್ರಗಳ ತೊಡಕಿನಿಂದ ಆತ 1988ರಿಂದ 2006ರವರೆಗೆ, ಅಂದರೆ ಹದಿನೆಂಟು ವರ್ಷ, ಪ್ಯಾರಿಸ್ಸಿನ ಚಾರ್ಲ್ಸ್ ಡಿ ಗಾಲ್ ನಿಲ್ದಾಣದೊಳಗೆ ಒಂದು ಬೆಂಚಿನ ಮೇಲೆ ಬದುಕಿದ. ಚೀಟಿ ಹರಿದುಹೋದ ಲಗೇಜನ್ನು ಯಾವ ವಿಮಾನಕ್ಕೂ ಹಾಕಲಾಗದೆ ಮೂಲೆಯಲ್ಲಿಟ್ಟಂತೆ. ಹೊರಗೆ ಹೋಗಿ ಬೇರೆಡೆ ವಾಸಿಸಿದವನು ಕೊನೆಗೆ ಮರಳಿ ಅಲ್ಲಿಗೇ ಬಂದು, 2022ರ ನವೆಂಬರಿನಲ್ಲಿ ಅದೇ ನಿಲ್ದಾಣದಲ್ಲಿ ತೀರಿಕೊಂಡ. ನನ್ನ ಎರಡು ಗಂಟೆಯ ಕಾಯುವಿಕೆಯ ಬಗ್ಗೆ ಗೊಣಗಲು ಹೊರಟಾಗಲೆಲ್ಲ ಆತ ಅಡ್ಡ ಬರುತ್ತಾನೆ.

ಮಂಗಳೂರಿನ ಬಜ್ಪೆ ನಿಲ್ದಾಣವನ್ನು ನಾನು ಬೇರೆ ಕಾರಣಕ್ಕೆ ನೆನೆಯುತ್ತೇನೆ. ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿದ ಓಡುದಾರಿ. ಅಲ್ಲಿಂದ ಕೊಲ್ಲಿ ದೇಶಗಳಿಗೆ ನೇರ ವಿಮಾನ ಇಲ್ಲದ ಕಾಲದಲ್ಲಿ ಕರಾವಳಿಯವರು ಬಸ್ಸಿನಲ್ಲಿ ಮುಂಬಯಿಗೆ ಹೋಗಿ ವಿಮಾನ ಹಿಡಿಯುತ್ತಿದ್ದರು. ದೇಶ ಬಿಟ್ಟು ಹೊರಡುವ ಭಾರತೀಯರೆಲ್ಲ 2017ರ ಜೂನ್ ಮುಗಿಯುವವರೆಗೂ ನಿರ್ಗಮನದ ಚೀಟಿಯೊಂದನ್ನು ತುಂಬಬೇಕಾಗಿತ್ತು. ಆ ಸಾಲಿನಲ್ಲಿ ಇಪ್ಪತ್ತು ಜನರಿಗೆ ಒಂದೇ ಪೆನ್ನು ಇರುತ್ತಿತ್ತು, ಪೆನ್ನು ಇದ್ದವನೇ ಊರಿಗೆಲ್ಲ ಕರಣಿಕ. ಹಾಗೆ ಕರಣಿಕನಾಗಿದ್ದ ಒಂದು ಬೆಳಗ್ಗೆ, ಮಗನ ಮನೆಗೆಂದು ದುಬೈಗೆ ಹೊರಟ ಪುತ್ತೂರು ಕಡೆಯ ಅಮ್ಮ ಒಬ್ಬರು ಪಾಸ್‌ಪೋರ್ಟನ್ನು ನನ್ನ ಕೈಗಿಟ್ಟು, "ಮಗಾ, ಇದೊಂದು ತುಂಬಿಸಿ ಕೊಡು" ಎಂದರು. ಹೆಸರು, ಹುಟ್ಟಿದ ದಿನ, ವಿಳಾಸ ಎಲ್ಲ ಬರೆದು ಉದ್ಯೋಗದ ಜಾಗಕ್ಕೆ ಬಂದಾಗ ನಾನು ಅವರನ್ನು ಕೇಳದೆಯೇ ಗೃಹಿಣಿ ಎಂದು ಬರೆಯಲು ಹೊರಟೆ. ಅವರು ಅದೇನು ಬರೆಯುತ್ತಿ ಎಂದು ಕೇಳಿದರು. ಹೇಳಿದೆ. "ಮನೆಯಲ್ಲಿ ಅಂತ ಯಾಕೆ ಬರೀತಿ? ಬೀಡಿ ಕಟ್ಟುವುದು ಅಂತ ಬರಿ. ಇವನನ್ನು ಓದಿಸಿದ್ದು ಅದರಲ್ಲೇ" ಎಂದರು. ಇಂಗ್ಲಿಷಿನಲ್ಲಿ ಅದನ್ನು ಹೇಗೆ ಬರೆಯುವುದೆಂದು ಒಂದು ಕ್ಷಣ ಯೋಚಿಸಿ, ಬೀಡಿ ರೋಲರ್ ಎಂದು ದೊಡ್ಡ ಅಕ್ಷರದಲ್ಲಿ ಬರೆದೆ. ಅವರಿಗೆ ಓದಲು ಬರುತ್ತಿರಲಿಲ್ಲವಾದರೂ ಚೀಟಿಯನ್ನು ತಿರುಗಿಸಿ ಆ ಸಾಲನ್ನೇ ನೋಡಿದರು. 2017ರ ಜುಲೈ 1ರಿಂದ ಆ ಚೀಟಿ ರದ್ದಾಯಿತು, ಸಾಲು ಬೇಗ ಕರಗುತ್ತದೆ, ಎಲ್ಲರಿಗೂ ಅನುಕೂಲವೇ ಆಗಿದೆ. ನನ್ನ ಕರಣಿಕತನ ಮಾತ್ರ ಹೋಯಿತು.

ಇಳಿದ ಊರಿನಲ್ಲಿ ಸಾಮಾನಿನ ಪಟ್ಟಿಯ ಸುತ್ತ ನಿಲ್ಲುವುದು ಮದುವೆಯ ಎರಡನೇ ಪಂಕ್ತಿಗೆ ಕಾದಂತೆ. ಮೊದಲು ಬಂದವನದ್ದು ಕೊನೆಗೆ ಬರುತ್ತದೆ. ಎಲ್ಲರ ಪೆಟ್ಟಿಗೆಯೂ ಕಪ್ಪು, ಎಲ್ಲರೂ ಗುರುತಿಗೆಂದು ಕಟ್ಟಿದ ಪಟ್ಟಿ ಕೆಂಪು. ಒಮ್ಮೆ ದೆಹಲಿಯಲ್ಲಿರುವ ಅಕ್ಕನ ಮನೆಗೆ ಹೊರಟು, ನಡುವೆ ವಿಮಾನ ಬದಲಿಸಿ ಇಳಿದಾಗ, ಪಟ್ಟಿ ಖಾಲಿಯಾಗಿ ಒಂದು ಅನಾಥ ರಟ್ಟಿನ ಪೆಟ್ಟಿಗೆ ಮಾತ್ರ ಸುತ್ತುತ್ತ ಉಳಿಯಿತು. ನನ್ನದು ಬಂದಿರಲಿಲ್ಲ. ವಿಮಾನ ಸಂಸ್ಥೆಯ ಹೆಸರು ಇಲ್ಲಿ ಬೇಡ. ದೂರು ಕೊಡಲು ಹೋದರೆ ಅಲ್ಲಿನ ತರುಣ ನಾನಾ ಬಗೆಯ ಪೆಟ್ಟಿಗೆಗಳ ಚಿತ್ರವಿದ್ದ ಹಾಳೆಯೊಂದನ್ನು ಮುಂದೆ ಹಿಡಿದು, ಇದರಲ್ಲಿ ನಿಮ್ಮದು ಯಾವುದು ಎಂದು ಕೇಳಿದ. ಕಳ್ಳರ ಫೋಟೋ ತೋರಿಸಿ ಗುರುತು ಹಿಡಿಯಿರಿ ಎಂದಂತಿತ್ತು. ಒಳಗೆ ಏನಿತ್ತೆಂದು ಕೇಳಿದಾಗ ಬಟ್ಟೆ, ಪುಸ್ತಕ ಎಂದು ಬರೆಸಿ, ಅಪ್ಪೆಮಿಡಿಯ ವಿಷಯಕ್ಕೆ ಬಂದಾಗ ಹಿಂದಿಯಲ್ಲಿ ಆಮ್ ಕಾ ಅಚಾರ್ ಎಂದಷ್ಟೇ ಹೇಳಿ ಸುಮ್ಮನಾದೆ. ಅಮ್ಮ ಕೇಳಿದ್ದರೆ ಆ ಅನುವಾದಕ್ಕೆ ನೊಂದುಕೊಳ್ಳುತ್ತಿದ್ದಳು.

ಮೂರು ದಿನ ಭಾವನ ಅಂಗಿಯನ್ನೇ ತೊಟ್ಟುಕೊಂಡಿದ್ದೆ. ದೂರವಾಣಿಯಲ್ಲಿ ಪ್ರತಿದಿನ ಬೇರೆ ದನಿ, ಅದೇ ಮಾತು. ಮೂರನೆಯ ರಾತ್ರಿ ಹತ್ತು ಗಂಟೆಗೆ ಸ್ಕೂಟರಿನಲ್ಲಿ ಒಬ್ಬ ಹುಡುಗ ಪೆಟ್ಟಿಗೆಯನ್ನು ಕಾಲುಗಳ ನಡುವೆ ನಿಲ್ಲಿಸಿಕೊಂಡು ಬಂದು, ಮೂರು ಮಹಡಿ ಹೊತ್ತು ತಂದು ಬಾಗಿಲಲ್ಲಿಟ್ಟ. ಎಣ್ಣೆ ಸೋರಿದೆಯೋ ಎಂದು ನೋಡುವ ಆತುರಕ್ಕೆ ಅಕ್ಕ ಅದನ್ನು ಹೊಸ್ತಿಲಲ್ಲೇ ಬಿಚ್ಚಿದಳು. ಸೋರಿರಲಿಲ್ಲ, ಆದರೂ ಡಬ್ಬಿಗೆ ಸುತ್ತಿದ ಬಟ್ಟೆ ತೆಗೆದೊಡನೆ ಮಿಡಿಯ ಸೊನೆಯ ಘಮ ಮೆಟ್ಟಿಲವರೆಗೂ ಹರಡಿತು. ಸಹಿಗೆಂದು ಕಾಗದ ಚಾಚಿದ್ದ ಹುಡುಗ ಅದನ್ನು ಹಾಗೇ ಹಿಡಿದುಕೊಂಡು, ಇದೇನು ಅಕ್ಕಾ ಎಂದು ಅವನ ಭಾಷೆಯಲ್ಲಿ ಕೇಳಿದ. ಅಕ್ಕ ಮಾತಾಡದೆ ಒಳಗೆ ಹೋಗಿ ಒಂದು ಖಾಲಿ ಬಾಟಲಿ ತಂದಳು. ನಾನು ಕನ್ನಡಕ ಹುಡುಕಿ, ಅವನ ಕಾಗದದಲ್ಲಿ ಸಾಮಾನು ಕಡಿಮೆಯಾಗಿದೆಯೇ ಎಂಬ ಪ್ರಶ್ನೆಯ ಮುಂದೆ ಇಲ್ಲ ಎಂದು ಬರೆದು ಸಹಿ ಹಾಕುವಷ್ಟರಲ್ಲಿ, ಎಂಟು ಮಿಡಿಗಳು ಡಬ್ಬಿಯಿಂದ ಬಾಟಲಿಗೆ ಇಳಿದಿದ್ದವು.