ಮಳೆ ಬಂದಾಗ ಮಾತ್ರ ಮಿಸ್ ಹೊಡೆಯುವ ಹಳೆಯ ಕಾರು

ಒಣಹವೆಯಲ್ಲಿ ಸರಾಗವಾಗಿ ಓಡುವ ಹಳೆಯ ಪೆಟ್ರೋಲ್ ಕಾರು ಮಳೆ ಹಿಡಿದ ಬೆಳಗ್ಗೆ ಸ್ಟಾರ್ಟ್ ಆಗಲು ಮೊಂಡು ಹಿಡಿದರೆ, ಅಥವಾ ಸ್ಟಾರ್ಟ್ ಆದ ಮೇಲೂ ಮಿಸ್ ಹೊಡೆಯುತ್ತ, ಅಂದರೆ ಆಗಾಗ ಸಿಲಿಂಡರಿನಲ್ಲಿ ಪೆಟ್ರೋಲ್ ಹೊತ್ತಿಕೊಳ್ಳದೆ, ಮುಗ್ಗರಿಸಿದರೆ, ಹೆಚ್ಚಿನವರು ಮೊದಲು ಕಿಡಿ ಹಾರಿಸುವ ಪ್ಲಗ್ ಬದಲಿಸುತ್ತಾರೆ. ಆಮೇಲೆ ಕಾಯಿಲ್, ಅದಾದ ಮೇಲೆ ಫ್ಯುಯೆಲ್ ಪಂಪ್. ಅಷ್ಟರಲ್ಲಿ ಬಿಸಿಲು ಬಂದು ಕಾರು ತಾನಾಗಿಯೇ ಸರಿಹೋಗುತ್ತದೆ, ಕಡೆಗೆ ಬದಲಿಸಿದ ಭಾಗಕ್ಕೆ ಪುಕ್ಕಟೆ ಹೆಸರು ಬರುತ್ತದೆ. ಈ ಪದ್ಧತಿ ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ತೇವದಲ್ಲಿ ಮಾತ್ರ ತಲೆದೋರುವ ದೋಷವನ್ನು ತೇವದಲ್ಲೇ ಹುಡುಕಬೇಕು. ಒಣಗಿ ನಿಂತ ಕಾರಿನಲ್ಲಿ ಅದನ್ನು ಹುಡುಕುವುದು ಜ್ವರ ಇಳಿದ ಮೇಲೆ ಥರ್ಮಾಮೀಟರ್ ಇಟ್ಟಂತೆ.

ಬಾನೆಟ್ ಎತ್ತುವ ಮೊದಲೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ತೊಂದರೆ ಯಾವ ಹೊತ್ತಿನಲ್ಲಿ ಬರುತ್ತದೆ? ತಣ್ಣಗಿರುವಾಗ ಮಿಸ್ ಹೊಡೆದು, ಇಂಜಿನ್ ಬಿಸಿಯಾಗಿ ಒಳಗಿನ ಪಸೆ ಆರುತ್ತಿದ್ದಂತೆ ಸುಧಾರಿಸಿದರೆ ಅನುಮಾನ ಕಿಡಿ ಹೊತ್ತಿಸುವ ವ್ಯವಸ್ಥೆಯಾದ ಇಗ್ನಿಷನ್ ಕಡೆಗೆ ಹೋಗಬೇಕು. ಚೆನ್ನಾಗಿ ಸ್ಟಾರ್ಟ್ ಆಗಿ, ಸ್ವಲ್ಪ ದೂರ ಓಡಿದ ಮೇಲೆ ಶಕ್ತಿ ಕುಂದಿದರೆ ಅದರ ಕತೆಯೇ ಬೇರೆ.

ಇಗ್ನಿಷನ್ ಕಾಯಿಲ್ ಬ್ಯಾಟರಿಯ 12 ವೋಲ್ಟನ್ನು 20,000 ವೋಲ್ಟಿಗೂ ಮೇಲೆ ಏರಿಸುತ್ತದೆ. ಅಷ್ಟು ಒತ್ತಡದ ವಿದ್ಯುತ್ತು, ಅದನ್ನು ಸರದಿಯಂತೆ ಒಂದೊಂದು ಪ್ಲಗ್ಗಿಗೆ ಹಂಚುವ ಡಿಸ್ಟ್ರಿಬ್ಯೂಟರಿನ ಬಿರುಕು ಬಿಟ್ಟ ಮುಚ್ಚಳವಾದ ಕ್ಯಾಪನ್ನೋ ರಬ್ಬರ್ ಗಟ್ಟಿಯಾದ ಪ್ಲಗ್ ವೈರನ್ನೋ ಸಿಕ್ಕಿದಲ್ಲಿ ಭೇದಿಸಿ ಹೊರಬರಲು ಕಾಯುತ್ತಿರುತ್ತದೆ. ಶುದ್ಧ ನೀರು ವಿದ್ಯುತ್ತಿಗೆ ಅಂಥ ಒಳ್ಳೆಯ ದಾರಿಯಲ್ಲ. ನೀರಿನೊಂದಿಗೆ ಕಲೆತ ಧೂಳು, ಲವಣ, ಎಣ್ಣೆಜಿಡ್ಡಿನ ಕೊಳೆಯೇ ಆ ದಾರಿಯನ್ನು ಮಾಡಿಕೊಡುತ್ತದೆ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರಿನೊಳಗಿನ ಒತ್ತಡ ಹೆಚ್ಚಿ, ಪ್ಲಗ್ಗಿನಲ್ಲಿ ಕಿಡಿ ಹಾರಲು ಇನ್ನೂ ಹೆಚ್ಚು ವೋಲ್ಟೇಜ್ ಬೇಕಾಗುವುದರಿಂದ, ಸೋರಿಕೆ ಆಗಲೇ ಎದ್ದು ಕಾಣುತ್ತದೆ.

ಇದನ್ನು ಕಣ್ಣಾರೆ ನೋಡುವ ಉಪಾಯ ಸುಲಭವಾದದ್ದು. ಕತ್ತಲಲ್ಲಿ, ಗಾಳಿಯಾಡುವ ಜಾಗದಲ್ಲಿ ಇಂಜಿನ್ ಚಾಲೂ ಇಟ್ಟು, ಸ್ಪ್ರೇ ಬಾಟಲಿಯಿಂದ ಒಂದೊಂದೇ ವೈರಿಗೆ, ಆಮೇಲೆ ಕ್ಯಾಪಿಗೆ, ಕೊನೆಗೆ ಕಾಯಿಲ್ಲಿಗೆ ಮಂಜಿನಂತೆ ನೀರು ಸಿಂಪಡಿಸಬೇಕು. ಕೈ ವೈರಿಗೂ ಫ್ಯಾನಿಗೂ ದೂರವಿರಲಿ. ದೋಷವಿರುವ ಜಾಗ ಬಂದೊಡನೆ ಇಂಜಿನ್ ತಡವರಿಸುತ್ತದೆ, ವೈರಿನ ಮೈಮೇಲೆ ನೀಲಿ ಕಿಡಿ ಚಟಚಟನೆ ಹರಿಯುವುದೂ ಕಾಣಬಹುದು. ಮಲ್ಟಿಮೀಟರ್ ಇಲ್ಲಿ ಅಷ್ಟಾಗಿ ನೆರವಿಗೆ ಬರುವುದಿಲ್ಲ. ಅದು ಒಳಗಿನ ತಂತಿಯ ರೆಸಿಸ್ಟೆನ್ಸ್ ಅಳೆಯುತ್ತದೆಯೇ ಹೊರತು ಹೊದಿಕೆ ಸಾವಿರಾರು ವೋಲ್ಟನ್ನು ತಡೆಯುತ್ತದೆಯೇ ಎಂಬುದನ್ನಲ್ಲ. ಕ್ಯಾಪನ್ನು ಬಿಚ್ಚಿ ಒಳಮೈಯನ್ನು ಟಾರ್ಚಿನ ಬೆಳಕಿನಲ್ಲಿ ನೋಡಿ. ಎರಡು ಟರ್ಮಿನಲ್‌ಗಳ ನಡುವೆ ಪೆನ್ಸಿಲಿನಲ್ಲಿ ಎಳೆದಂಥ ಕೂದಲೆಳೆಯ ಕಪ್ಪು ಗೆರೆ ಕಂಡರೆ, ಅದು ಕಿಡಿ ಹಾರಿ ಹಾರಿ ಸುಟ್ಟು ಉಳಿದ ಕಾರ್ಬನ್. ಅಂಥ ಕ್ಯಾಪನ್ನು ಎಷ್ಟು ಒರೆಸಿದರೂ ಪ್ರಯೋಜನವಿಲ್ಲ, ಬದಲಿಸಲೇಬೇಕು.

ನೀರನ್ನು ಓಡಿಸಲೆಂದೇ 1953ರಲ್ಲಿ ರೂಪುಗೊಂಡ ಡಬ್ಲ್ಯೂಡಿ-40ಯನ್ನು ಇಂಜಿನ್ ಆಫ್ ಮಾಡಿ ಸಿಂಪಡಿಸಿ, ಆವಿ ಆರಿದ ಮೇಲೆ ಸ್ಟಾರ್ಟ್ ಮಾಡಿದಾಗ ಕಾರು ಸರಿಹೋದರೆ, ರೋಗ ಪತ್ತೆಯಾಯಿತು ಎಂದರ್ಥ, ವಾಸಿಯಾಯಿತು ಎಂದಲ್ಲ. ಪ್ರತಿ ಮಳೆಗೂ ಡಬ್ಬಿ ಹಿಡಿದು ಓಡಾಡುವವರಿಗೆ ಈ ಮಾತು ರುಚಿಸದಿರಬಹುದು.

ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಇರುವ ಕಾರು ಓಡಿದ ಮೇಲೆ ಸೊರಗಿದರೆ, ಅದರೊಳಗೆ ಮಂಜುಗಡ್ಡೆಯನ್ನು ಶಂಕಿಸಬೇಕು. ಪೆಟ್ರೋಲ್ ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುವುದರಿಂದ, ಹೊರಗೆ 10 ಡಿಗ್ರಿ ಸೆಲ್ಸಿಯಸ್ ಇದ್ದರೂ ತೇವದ ಗಾಳಿಯಲ್ಲಿನ ನೀರು ಗಾಳಿಯ ಹರಿವನ್ನು ಹತೋಟಿಯಲ್ಲಿಡುವ ಥ್ರಾಟಲ್ ಬಳಿ ಹೆಪ್ಪುಗಟ್ಟಬಹುದು. ನಿಲ್ಲಿಸಿ ಕೆಲವು ನಿಮಿಷ ಬಿಟ್ಟರೆ ಇಂಜಿನ್ನಿನ ಕಾವಿಗೆ ಅದು ಕರಗಿ, ಏನೂ ಆಗದವರಂತೆ ಕಾರು ಹೊರಡುತ್ತದೆ. ಎಕ್ಸಾಸ್ಟ್ ಬಳಿಯಿಂದ ಏರ್ ಫಿಲ್ಟರಿಗೆ ಬಿಸಿಗಾಳಿ ತರುವ ಪೈಪು ಹರಿದಿದೆಯೋ, ಯಾರೋ ಬೇಡವೆಂದು ಕಿತ್ತೆಸೆದಿದ್ದಾರೋ ಎಂಬುದನ್ನು ಆಗ ನೋಡಬೇಕು.

ಪ್ರತಿ ಪ್ಲಗ್ಗಿಗೂ ಪ್ರತ್ಯೇಕ ಕಾಯಿಲ್ ಇರುವ, ಅಷ್ಟೇನೂ ಹಳೆಯದಲ್ಲದ ಇಂಜಿನ್‌ಗಳಲ್ಲಿ ಪ್ಲಗ್ ಕೂರುವ ಗುಳಿಯೊಳಗೆ ನೀರು ನಿಂತಿದೆಯೇ ಎಂದು ಕಾಯಿಲ್ ಎಳೆದು ನೋಡಿದರೆ ಅರ್ಧ ಕೆಲಸ ಮುಗಿಯಿತು. ಅಂಥ ಕಾರಿನಲ್ಲಿ ಚೆಕ್ ಇಂಜಿನ್ ದೀಪ ಮಿಟುಕಲು ತೊಡಗಿದರೆ ಮಾತ್ರ ಮುಂದೆ ಓಡಿಸಬೇಡಿ. ಉರಿಯದ ಪೆಟ್ರೋಲ್ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಹೋಗಿ ಹೊತ್ತಿಕೊಂಡು, ಕಾಯಿಲ್ಲಿಗಿಂತ ಬಹಳ ದುಬಾರಿಯಾದ ಆ ಭಾಗವನ್ನೂ ಹಾಳುಮಾಡುತ್ತದೆ.