ನಾಲ್ಕು ಕುರ್ಚಿಯ ಲೆಕ್ಕ

ಮಾರ್ಚ್ ಕೊನೆಗೆ ಮೇಜರ್ ಲೀಗ್ ಬೇಸ್‌ಬಾಲ್ ತಂಡಗಳು ಪಟ್ಟಿ ಬಿಟ್ಟ ಕೂಡಲೇ ಪ್ರತಿವರ್ಷ ಅದೇ ತಕರಾರು. ‘ಅಷ್ಟು ಚೆನ್ನಾಗಿ ಹೊಡೆಯೋ ಹುಡುಗನ್ನ ಕೆಳಗೆ ಕಳಿಸಿ, ಬ್ಯಾಟೇ ಬೀಸೋಕೆ ಬಾರದ ಇವನನ್ನ ಯಾಕೆ ಇಟ್ಟುಕೊಂಡ್ರು?’ ಬೆಂಚ್, ಅಂದರೆ ಬದಲಿ ಆಟಗಾರರ ಜಾಗ, ತುಂಬುವುದು ಅಂದರೆ ಹತ್ತನೇ, ಹನ್ನೊಂದನೇ ಒಳ್ಳೇ ಬ್ಯಾಟರ್ ಯಾರು ಅಂತ ಹುಡುಕೋದು ಅಂದುಕೊಂಡವರಿಗೆ ಹಾಗೇ ಅನಿಸುತ್ತೆ. ತಂಡ ಕಟ್ಟುವವರು ಕೇಳಿಕೊಳ್ಳಬೇಕಾದ್ದು ಬೇರೆ: ಇವನು ಮೈದಾನಕ್ಕಿಳಿದರೆ ಉಳಿದ ಎಷ್ಟು ಜನರನ್ನು ಅಲುಗಾಡಿಸದೆ ಬಿಡಬಹುದು?

ಮೊದಲು ಲೆಕ್ಕ. ಪಟ್ಟಿಯಲ್ಲಿ 26 ಜನ. ಅದರಲ್ಲಿ ಪಿಚರ್‌ಗಳು, ಅಂದರೆ ಚೆಂಡೆಸೆಯುವವರು, 13ಕ್ಕಿಂತ ಹೆಚ್ಚಿರುವ ಹಾಗಿಲ್ಲ, ಮತ್ತು ಹೆಚ್ಚುಕಮ್ಮಿ ಎಲ್ಲ ತಂಡಗಳೂ 13 ಜನರನ್ನು ಇಟ್ಟುಕೊಂಡೇ ಇರುತ್ತವೆ. ಉಳಿದ 13ರಲ್ಲಿ ಎಂಟು ಜನ ಫೀಲ್ಡರ್‌ಗಳು, ಒಬ್ಬ ಡೆಸಿಗ್ನೇಟೆಡ್ ಹಿಟರ್ (ಡಿಎಚ್), ಅಂದರೆ ಫೀಲ್ಡಿಂಗ್ ಮಾಡದೆ ಪಿಚರ್ ಬದಲು ಬ್ಯಾಟ್ ಬೀಸುವವನು. 2022ರಿಂದ ನ್ಯಾಷನಲ್ ಲೀಗ್‌ನಲ್ಲೂ ಡಿಎಚ್ ಬಂದಿರೋದರಿಂದ ಅಮೆರಿಕನ್, ನ್ಯಾಷನಲ್ ಎರಡೂ ಲೀಗ್‌ಗೆ ಒಂದೇ ಲೆಕ್ಕ. ಬೆಂಚಿಗೆ ಉಳಿಯೋದು ನಾಲ್ಕು ಕುರ್ಚಿ. ಅದರಲ್ಲಿ ಒಂದು ಎರಡನೇ ಕ್ಯಾಚರ್‌ಗೆ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವನು, ನಮ್ಮ ಕೀಪರ್ ಥರ) ಕಟ್ಟಿಟ್ಟದ್ದು. ಅಂದರೆ 162 ಪಂದ್ಯಗಳ ಸೀಸನ್‌ಗೆ ಕೈಗೆ ಸಿಗೋದು ಬರೀ ಮೂರು ಆಯ್ಕೆ.

ಕ್ರಿಕೆಟ್ ನೋಡುವವರು ಒಂದು ವಿಷಯ ನೆನಪಿಡಬೇಕು. ಇಲ್ಲಿ ಬದಲಿ ಆಟಗಾರ ಬರೀ ಫೀಲ್ಡಿಂಗ್ ಮಾಡಿ ಹೋಗೋದಿಲ್ಲ. ಹೊರಗೆ ಹೋದವನ ಬ್ಯಾಟಿಂಗ್ ಸರದಿಯೂ ಬಂದವನದಾಗುತ್ತೆ, ಹೋದವನು ಆ ಪಂದ್ಯಕ್ಕೆ ಮತ್ತೆ ಬರುವಂತಿಲ್ಲ. ಹಾಗಾಗಿ ಒಬ್ಬನನ್ನು ಎಬ್ಬಿಸಿದರೆ ಇಬ್ಬರು ಖರ್ಚಾದ ಹಾಗೆ. ಒಬ್ಬನೇ ಎರಡು ಕೆಲಸ ಮಾಡಿದರೆ ಏನು ಲಾಭ ಅನ್ನೋದು ನಮಗೆ ಹೊಸದೇನಲ್ಲ. 2003ರ ವಿಶ್ವಕಪ್‌ನಲ್ಲಿ ನಮ್ಮ ದ್ರಾವಿಡ್ ಕೈಗೆ ಕೀಪಿಂಗ್ ಗ್ಲವ್ಸ್ ಕೊಟ್ಟದ್ದು ಅವರು ದೇಶದ ಅತ್ಯುತ್ತಮ ಕೀಪರ್ ಅಂತಲ್ಲ, ಏಳನೇ ಬ್ಯಾಟ್ಸ್‌ಮನ್‌ಗೆ ಜಾಗ ಆಗಲಿ ಅಂತ. ಬೇಸ್‌ಬಾಲ್ ಬೆಂಚ್ ಇಡೀ ಈ ತರ್ಕದ ಮೇಲೇ ನಿಂತಿದೆ.

ಎರಡನೇ ಕ್ಯಾಚರ್ ವಿಷಯ ಬೇಗ ಮುಗಿಸೋಣ. ಮೊದಲನೆಯವನು ವರ್ಷಕ್ಕೆ 110-120 ಪಂದ್ಯ ಕೂತು ಎದ್ದು ಮಾಡಿದರೆ ಮಂಡಿ ಸೋತುಹೋಗುತ್ತೆ, ಉಳಿದ ನಲವತ್ತು ಐವತ್ತು ಪಂದ್ಯ ಇವನದು. ಇವನ ಬ್ಯಾಟನ್ನು ಕೊನೆಗೆ ನೋಡಿ. ಮೊದಲು ನೋಡಬೇಕಾದ್ದು ನೆಲಕ್ಕೆ ಬಿದ್ದ ಚೆಂಡನ್ನು ಎದೆಯಿಂದ ತಡೆಯೋದು, ಸ್ಟ್ರೈಕ್ ಜಾಗದ (ಬ್ಯಾಟರ್ ಹೊಡೆಯಲೇಬೇಕಾದ ಚೌಕಟ್ಟು) ಅಂಚಿಗೆ ಬಂದ ಚೆಂಡನ್ನು ಅಲುಗದೆ ಹಿಡಿಯೋದು, ಮುಂದಿನ ಬೇಸ್‌ಗೆ ಓಡುವವನನ್ನು ಹಿಡಿಯೋಕೆ ಸೆಕೆಂಡ್ ಬೇಸ್‌ಗೆ ಎಸೆತ. ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್‌ನಿಂದ ಸೆಕೆಂಡ್ ಬೇಸ್‌ಗೆ 127 ಅಡಿ ಚಿಲ್ಲರೆ. ಚೆಂಡು ಗ್ಲವ್‌ಗೆ ಬಿದ್ದ ಕ್ಷಣದಿಂದ ಅಲ್ಲಿ ಮುಟ್ಟುವವರೆಗೆ 2.0 ಸೆಕೆಂಡ್ ಅಂದರೆ ಸಾಧಾರಣ, 1.9 ಅಂದರೆ ಚೆನ್ನ. 2026ರಿಂದ, ಚೆಂಡು ಸ್ಟ್ರೈಕ್ ಜಾಗದೊಳಗೆ ಬಂತೋ ಇಲ್ಲವೋ ಅನ್ನುವ ಅಂಪೈರ್ ತೀರ್ಪನ್ನು ಪ್ರಶ್ನಿಸುವ ಎಬಿಎಸ್ ಚಾಲೆಂಜ್ ಪದ್ಧತಿ ಬಂದಮೇಲೆ, ತಂಡಕ್ಕಿರುವ ಎರಡು ಚಾಲೆಂಜ್‌ಗಳನ್ನು ದುಡುಕಿ ಕಳೆಯದ ಕಣ್ಣೂ ಇವನಿಗೆ ಬೇಕು.

ಈ ಕ್ಯಾಚರ್ ಚೆನ್ನಾಗಿ ಹೊಡೆಯುವವನಾದರೆ ಅವನನ್ನು ಡಿಎಚ್ ಮಾಡೋಣ ಅನ್ನೋ ಆಸೆ ಬರುತ್ತೆ. ಅಲ್ಲೊಂದು ಗುಂಡಿ ಇದೆ. ಆಡುತ್ತಿರುವ ಕ್ಯಾಚರ್‌ಗೆ ಪೆಟ್ಟಾದರೆ ಡಿಎಚ್ ಆಗಿರುವವನೇ ಗ್ಲವ್ ಹಾಕಬೇಕು. ಅವನು ಫೀಲ್ಡಿಂಗ್‌ಗೆ ಇಳಿದ ಗಳಿಗೆಗೆ ತಂಡ ಡಿಎಚ್ ಕಳೆದುಕೊಳ್ಳುತ್ತೆ, ಪಿಚರ್ ಸರದಿ ಬ್ಯಾಟಿಂಗ್ ಪಟ್ಟಿಗೆ ಬರುತ್ತೆ. ಹೀಗಾಗಿಯೇ ಬೆಂಚಿನಲ್ಲಿರುವ, ಹಲವು ಜಾಗ ಆಡುವ ಯುಟಿಲಿಟಿ ಆಟಗಾರ ಹಿಂದೆ ಯಾವಾಗಲಾದರೂ ಕ್ಯಾಚರ್ ಆಗಿದ್ದನಾ ಅಂತ ವಿಚಾರಿಸೋದು. ತುರ್ತಿಗೆ ಎರಡು ಇನಿಂಗ್ಸ್ ತಡೆದುಕೊಂಡರೆ ಸಾಕು, ಮ್ಯಾನೇಜರ್ ಎರಡನೇ ಕ್ಯಾಚರ್‌ನನ್ನು ಧೈರ್ಯವಾಗಿ ಬಳಸಬಹುದು.

ಈಗ ನಿಜವಾದ ಯುಟಿಲಿಟಿ ಕುರ್ಚಿ. ಇಲ್ಲಿ ನನ್ನ ಮಾತು ಒಂದೇ: ಶಾರ್ಟ್‌ಸ್ಟಾಪ್ (ಸೆಕೆಂಡ್ ಮತ್ತು ಥರ್ಡ್ ಬೇಸ್ ನಡುವಿನ ಜಾಗ) ಆಡೋಕೆ ಬಾರದವನನ್ನು ಈ ಕುರ್ಚಿಯಲ್ಲಿ ಕೂರಿಸಬೇಡಿ. ‘ಏಳು ಜಾಗ ಆಡ್ತಾನೆ’ ಅಂತ ಹೊಗಳ್ತಾರಲ್ಲ, ಆ ಏಳರಲ್ಲಿ ಲೆಫ್ಟ್ ಫೀಲ್ಡ್‌ನಲ್ಲಿ ಮೂರು ಇನಿಂಗ್ಸ್ ನಿಂತದ್ದೂ ಸೇರಿರುತ್ತೆ. ಜಾಗಗಳ ಸಂಖ್ಯೆ ಬಿಡಿ, ಯಾವ ಜಾಗ ಕೇಳಿ. ಫ್ಯಾನ್‌ಗ್ರಾಫ್ಸ್ ತಾಣದವರು ಆಟಗಾರನ ಬೆಲೆ ಕಟ್ಟುವಾಗ ಇಡೀ ಸೀಸನ್ ಶಾರ್ಟ್‌ಸ್ಟಾಪ್ ಆಡಿದವನಿಗೆ 7.5 ರನ್ ಕೂಡಿಸ್ತಾರೆ. ಸೆಕೆಂಡ್, ಥರ್ಡ್, ಸೆಂಟರ್ ಫೀಲ್ಡ್‌ಗೆ 2.5 ಕೂಡಿಸ್ತಾರೆ, ಲೆಫ್ಟ್ ಮತ್ತು ರೈಟ್ ಫೀಲ್ಡ್‌ಗೆ 7.5 ಕಳೀತಾರೆ, ಫಸ್ಟ್ ಬೇಸ್‌ಗೆ 12.5 ಕಳೀತಾರೆ. ಈ ಏಣಿಯಲ್ಲಿ ಮೇಲಿಂದ ಕೆಳಗೆ ಇಳಿಯಬಹುದು, ಕೆಳಗಿಂದ ಮೇಲೆ ಹತ್ತೋಕಾಗಲ್ಲ. ಶಾರ್ಟ್‌ಸ್ಟಾಪ್ ಒಂದು ವಾರದಲ್ಲಿ ಥರ್ಡ್ ಬೇಸ್ ಕಲೀತಾನೆ. ಫಸ್ಟ್ ಬೇಸ್‌ಮನ್‌ನನ್ನು ಶಾರ್ಟ್‌ಗೆ ನಿಲ್ಲಿಸಿದರೆ ಚೆಂಡು ಸರಾಗವಾಗಿ ಔಟ್‌ಫೀಲ್ಡ್‌ಗೆ ಹೋಗುತ್ತೆ.

ಪರೀಕ್ಷೆ ಹೇಗೆ? ಥರ್ಡ್ ಬೇಸ್ ಕಡೆ ಆಳಕ್ಕೆ ಹೋದ ಚೆಂಡನ್ನು ಬ್ಯಾಕ್‌ಹ್ಯಾಂಡ್‌ನಲ್ಲಿ ಹಿಡಿದು, ಒಂದೇ ಹೆಜ್ಜೆ ಊರಿ, ಫಸ್ಟ್ ಬೇಸ್‌ಗೆ ನೆಲ ಮುಟ್ಟದ ಹಾಗೆ ಎಸೀತಾನಾ ನೋಡಿ. ಆಮೇಲೆ ಅವನನ್ನೇ ಸೆಕೆಂಡ್ ಬೇಸ್ ಜಾಗಕ್ಕೆ ಕಳಿಸಿ ಡಬಲ್ ಪ್ಲೇ (ಒಂದೇ ಹೊಡೆತಕ್ಕೆ ಇಬ್ಬರನ್ನು ಔಟ್ ಮಾಡೋದು) ಮಾಡಿಸಿ. ಶಾರ್ಟ್‌ನಿಂದ ಬರುವಾಗ ಓಡಿಬರುವವನು ಕಣ್ಣೆದುರಿಗಿರ್ತಾನೆ, ಸೆಕೆಂಡ್ ಬೇಸ್‌ಮನ್‌ಗೆ ಬೆನ್ನ ಕಡೆಯಿಂದ ಬರ್ತಾನೆ. ಹೊಸಬರು ಎಡವೋದು ಅಲ್ಲೇ, ಕಾಲು ತಿರುಗೋ ಮೊದಲೇ ಕೈ ಎಸೆದಿರುತ್ತೆ. 2023ರಲ್ಲಿ ಶಿಫ್ಟ್‌ಗೆ (ಇನ್‌ಫೀಲ್ಡರ್‌ಗಳನ್ನು ಒಂದೇ ಕಡೆ ಗುಂಪಾಗಿ ನಿಲ್ಲಿಸೋದು) ಕಡಿವಾಣ ಬಿದ್ದು, ಸೆಕೆಂಡ್ ಬೇಸ್‌ನ ಎರಡೂ ಕಡೆ ಇಬ್ಬಿಬ್ಬರು ಇನ್‌ಫೀಲ್ಡರ್‌ಗಳೇ ನಿಲ್ಲಬೇಕು ಅಂತಾದ ಮೇಲೆ ಸೆಕೆಂಡ್ ಬೇಸ್‌ನಲ್ಲಿ ನಿಧಾನದವನನ್ನು ಬಚ್ಚಿಡೋದು ಕಷ್ಟ. ಅದಕ್ಕೆ ಮುಂಚೆ ಶಿಫ್ಟ್ ಅವನ ಕಾಲಿನ ಕೆಲಸವನ್ನೂ ಮಾಡ್ತಿತ್ತು.

ಔಟ್‌ಫೀಲ್ಡ್ ಬೇರೆಯೇ ವಿದ್ಯೆ. ಇನ್‌ಫೀಲ್ಡರ್‌ನನ್ನು ಅಲ್ಲಿ ನಿಲ್ಲಿಸಿದರೆ ಅವನ ಮೊದಲ ಹೆಜ್ಜೆ ಮುಂದಕ್ಕೇ ಬೀಳುತ್ತೆ, ಚೆಂಡು ತಲೆ ಮೇಲೆ ಹೋಗುತ್ತೆ. ಕೋಚ್ ತೆಳು ಫಂಗೋ ಬ್ಯಾಟ್‌ನಲ್ಲಿ ಎತ್ತಿ ಹೊಡೆದ ಚೆಂಡು ಹಿಡಿದು ಇದು ಸರಿಯಾಗಲ್ಲ. ಆ ಚೆಂಡಿನ ತಿರುಗು ಬೇರೆ, ಬರೋ ದಾರಿ ಮೊದಲೇ ಗೊತ್ತಿರುತ್ತೆ. ತಂಡದವರು ಬ್ಯಾಟಿಂಗ್ ಅಭ್ಯಾಸ ಮಾಡುವಾಗ ಸೆಂಟರ್ ಫೀಲ್ಡ್‌ನಲ್ಲಿ ನಿಂತು, ಪ್ರತಿ ಚೆಂಡನ್ನೂ ಪಂದ್ಯದ ವೇಗದಲ್ಲೇ ಅಟ್ಟಿಸಿಕೊಂಡು ಹೋಗಬೇಕು. ಗ್ಲವ್ ವಿಷಯ ಸಣ್ಣದು ಅನಿಸುತ್ತೆ, ಅಲ್ಲ. ಶಾರ್ಟ್‌ಗೆ 11.5 ಇಂಚಿನದು, ಔಟ್‌ಫೀಲ್ಡ್‌ಗೆ 12.75 ಇಂಚಿನದು, ಫಸ್ಟ್ ಬೇಸ್‌ಗೆ ಬೇರೆ ಆಕಾರದ ಮಿಟ್. ಮೂರನ್ನೂ ವರ್ಷವಿಡೀ ಪಳಗಿಸಿಟ್ಟಿರಬೇಕು. ಆಳದ ಜೇಬಿನ ಗ್ಲವ್‌ನಲ್ಲಿ ಡಬಲ್ ಪ್ಲೇಗೆ ಹೋದರೆ ಚೆಂಡು ಬೆರಳಿಗೆ ಸಿಗೋದೇ ಅರ್ಧ ಸೆಕೆಂಡ್ ತಡ.

2022ರಿಂದ ಯುಟಿಲಿಟಿ ಆಟಗಾರರಿಗೇ ಪ್ರತ್ಯೇಕ ಗೋಲ್ಡ್ ಗ್ಲವ್, ಅಂದರೆ ಅತ್ಯುತ್ತಮ ಫೀಲ್ಡಿಂಗ್ ಪ್ರಶಸ್ತಿ, ಕೊಡ್ತಿದ್ದಾರೆ. 2023ರಲ್ಲಿ ಅದು ಹ್ಯೂಸ್ಟನ್‌ನ ಮೌರಿಸಿಯೊ ಡುಬೋನ್ ಮತ್ತು ಸ್ಯಾನ್ ಡಿಯೇಗೊದ ಹಾ-ಸಂಗ್ ಕಿಮ್‌ಗೆ ಹೋಯಿತು. ಇಬ್ಬರೂ ಶಾರ್ಟ್‌ಸ್ಟಾಪ್ ಆಡಬಲ್ಲವರು. ಹಲವು ಜಾಗ ಆಡಿ ಹೆಸರಾದ ಬೆನ್ ಜೋಬ್ರಿಸ್ಟ್ ಹೆಸರು ಹೇಳಿ ವಾದ ಮಾಡುವವರಿಗೆ ಒಂದು ಮಾತು: ಅವನು 2016ರ ವರ್ಲ್ಡ್ ಸೀರೀಸ್‌ನ (ವರ್ಷದ ಕೊನೆಯ ಫೈನಲ್ ಸರಣಿ) ಎಂವಿಪಿ, ಅಂದರೆ ಸರಣಿ ಶ್ರೇಷ್ಠ, ದಿನವೂ ಆಡ್ತಿದ್ದವನು. ಅಂಥವನು ಸಿಕ್ಕರೆ ಯಾರು ಬೇಡ ಅಂತಾರೆ? ಬೆಂಚಿನ ಕುರ್ಚಿಗೆ ಅವನನ್ನು ಮಾದರಿ ಮಾಡಿಕೊಂಡರೆ ನಿರಾಸೆ ಖಂಡಿತ.

ಮೂರನೇ ಕುರ್ಚಿ ಸೆಂಟರ್ ಫೀಲ್ಡ್ ಆಡಬಲ್ಲ ಓಟಗಾರನಿಗೆ. ಹಿಂದೆ ಇದು ಐಷಾರಾಮ, ಈಗ ಹಾಗಲ್ಲ. 2023ರಲ್ಲಿ ಬೇಸ್‌ಗಳ ಅಗಲ 15ರಿಂದ 18 ಇಂಚಿಗೆ ಹೋಯಿತು. ಓಟಗಾರನನ್ನು ಹಿಡಿಯೋಕೆ ಪಿಚರ್ ಒಬ್ಬ ಬ್ಯಾಟರ್‌ಗೆ ಎರಡು ಸಲ ಮಾತ್ರ ರಬ್ಬರ್‌ನಿಂದ (ಪಿಚರ್ ಕಾಲೂರುವ ಪಟ್ಟಿ) ಕಾಲು ತೆಗೀಬಹುದು, ಮೂರನೇ ಸಲ ತೆಗೆದು ಔಟ್ ಮಾಡದಿದ್ದರೆ ಬಾಕ್, ಓಟಗಾರನಿಗೆ ಒಂದು ಬೇಸ್ ಪುಕ್ಕಟೆ. ಪರಿಣಾಮ: ಕದ್ದ ಬೇಸ್‌ಗಳು (ಹೊಡೆತಕ್ಕೆ ಕಾಯದೆ ಓಡಿ ಮುಟ್ಟಿದ ಬೇಸ್) 2022ರಲ್ಲಿ 2,486 ಇದ್ದದ್ದು ಮರುವರ್ಷ 3,503. ಜೊತೆಗೆ, ಪೋಸ್ಟ್‌ಸೀಸನ್ ಬಿಟ್ಟು ಉಳಿದ ಪಂದ್ಯಗಳಲ್ಲಿ, ಹತ್ತನೇ ಇನಿಂಗ್ಸ್‌ನಿಂದ ಸೆಕೆಂಡ್ ಬೇಸ್‌ನಲ್ಲಿ ಪುಕ್ಕಟೆ ಓಟಗಾರ ನಿಂತಿರ್ತಾನೆ. ಅವನ ಜಾಗಕ್ಕೆ ವೇಗದವನನ್ನು ಹಾಕಬಹುದು. ಲೀಗ್‌ನ ಸರಾಸರಿ ಓಟ ಸೆಕೆಂಡಿಗೆ 27 ಅಡಿ, ಬೆಂಚಿನ ಓಟಗಾರನಿಗೆ 29 ಬೇಕು. ಬರೀ ಕಾಲಿದ್ದರೂ ಸಾಲದು, ಪಿಚರ್‌ನ ಭುಜ ಓದುವ ಕಣ್ಣು ಬೇಕು. 2004ರ ಅಮೆರಿಕನ್ ಲೀಗ್ ಫೈನಲ್‌ನ ನಾಲ್ಕನೇ ಪಂದ್ಯದಲ್ಲಿ ನ್ಯೂಯಾರ್ಕ್ ಪಿಚರ್ ಮರಿಯಾನೊ ರಿವೇರಾ ಎದುರು ಬಾಸ್ಟನ್‌ನ ಡೇವ್ ರಾಬರ್ಟ್ಸ್ ಕದ್ದ ಒಂದು ಬೇಸ್‌ನಿಂದ ಬಾಸ್ಟನ್ ಕಥೆಯೇ ತಿರುಗಿತು. ಇಡೀ ಕ್ರೀಡಾಂಗಣಕ್ಕೆ ಅವನು ಓಡ್ತಾನೆ ಅಂತ ಗೊತ್ತಿತ್ತು, ಆದರೂ ಓಡಿದ.

ನಾಲ್ಕನೆಯದು ಬ್ಯಾಟ್. ತಂಡದ ದುರ್ಬಲ ಆಟಗಾರ ಎಡಗೈ ಬ್ಯಾಟರ್ ಆಗಿದ್ದರೆ ಇವನು ಬಲಗೈ ಇರಬೇಕು, ಎಡಗೈ ಪಿಚರ್ ಬಂದ ದಿನ ಅವನ ಬದಲು ಆಡೋಕೆ. ಇದೇ ಪ್ಲಟೂನ್. ಆದರೆ ಲೀಗ್‌ನ ಪಿಚರ್‌ಗಳಲ್ಲಿ ಹೆಚ್ಚಿನವರು ಬಲಗೈಯವರೇ ಆದ್ದರಿಂದ ಈ ಬಲಗೈ ಬ್ಯಾಟರ್‌ಗೆ ವಾರದಲ್ಲಿ ಒಂದೋ ಎರಡೋ ಪಂದ್ಯ. ಅಷ್ಟಕ್ಕೇ ಒಂದು ಕುರ್ಚಿ ಕೊಡೋದು ದುಬಾರಿ, ಕೊನೇಪಕ್ಷ ಫಸ್ಟ್ ಬೇಸ್ ಮತ್ತು ಒಂದು ಔಟ್‌ಫೀಲ್ಡ್ ಮೂಲೆ ಆಡಬೇಕು. ಇಲ್ಲಿ ಎಲ್ಲರೂ ಮೋಸ ಹೋಗೋದು ಚಿಕ್ಕ ಅಂಕಿಗಳಿಂದ. ‘ಕಳೆದ ವರ್ಷ ಎಡಗೈ ಪಿಚರ್‌ಗಳಿಗೆ .340 ಹೊಡೆದ’ ಅಂತಾರೆ, ಅಂದರೆ ನೂರಕ್ಕೆ 34 ಹಿಟ್. ಎಷ್ಟು ಸರದಿಯಲ್ಲಿ? ಅರವತ್ತರಲ್ಲಿ. ಎಡ-ಬಲದ ವ್ಯತ್ಯಾಸ ನಿಜವೋ ಅದೃಷ್ಟವೋ ಗೊತ್ತಾಗೋಕೆ ಸಾವಿರಾರು ಸರದಿ ಬೇಕು. ಅಂಕಿಗಿಂತ, ವೇಗದ ಚೆಂಡಿಗೆ ತಡಮಾಡದೆ ಬ್ಯಾಟ್ ಬೀಸ್ತಾನಾ ಅನ್ನೋದು ಹೆಚ್ಚು ಹೇಳುತ್ತೆ. ಪಿಂಚ್ ಹಿಟರ್ (ಬೇರೊಬ್ಬನ ಸರದಿಗೆ ಬ್ಯಾಟ್ ಹಿಡಿದು ಬರುವ ಬದಲಿಗ) ಎರಡು ಗಂಟೆ ಕೂತು, ಮೈ ತಣ್ಣಗಾಗಿ, ಎಂಟನೇ ಇನಿಂಗ್ಸ್‌ನಲ್ಲಿ ಎದುರಾಳಿಯ ಅತಿ ವೇಗದ ರಿಲೀವರ್ (ನಡುವೆ ಬರುವ ಬದಲಿ ಪಿಚರ್) ಮುಂದೆ ನಿಲ್ತಾನೆ. ಅದೇ ಬ್ಯಾಟರ್ ಮೊದಲಿಂದ ಆಡಿದಾಗ ಹೊಡೆಯೋದಕ್ಕಿಂತ ಪಿಂಚ್ ಹಿಟರ್ ಆಗಿ ಕಡಿಮೆ ಹೊಡೀತಾನೆ ಅನ್ನೋದು ಈ ಆಟದಲ್ಲಿ ಹಳೇ ಸತ್ಯ.

ಈ ನಾಲ್ಕು ಕುರ್ಚಿ ಒಂದಕ್ಕೊಂದು ಹೇಗೆ ಕೊಂಡಿಯಾಗುತ್ತೆ ಅಂತ ನೋಡಬೇಕಾದರೆ ಲಾಸ್ ಏಂಜಲೀಸ್ ಡಾಜರ್ಸ್ ಮತ್ತು ಟೊರಾಂಟೊ ನಡುವಿನ 2025ರ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯ ಸಾಕು. ನಮಗೆ ಅದು ನವೆಂಬರ್ 2ರ ಭಾನುವಾರ ಬೆಳಗ್ಗೆ ಮುಗಿದದ್ದು. ಅದೇ ಸಂಜೆ ನವಿ ಮುಂಬೈನಲ್ಲಿ ನಮ್ಮ ಹುಡುಗಿಯರ ವಿಶ್ವಕಪ್ ಫೈನಲ್ ಇದ್ದದ್ದರಿಂದ ಬಹಳ ಜನ ಇದನ್ನು ಗಮನಿಸಲೇ ಇಲ್ಲ. ಡಾಜರ್ಸ್ ಆರನೇ ಪಂದ್ಯದಿಂದ ಬೆಂಚಿನ ಶಾರ್ಟ್‌ಸ್ಟಾಪ್ ಮಿಗೆಲ್ ರೋಹಾಸ್‌ನನ್ನು ಸೆಕೆಂಡ್ ಬೇಸ್‌ಗೆ ಇಳಿಸಿದರು. ಅದರಿಂದ ಸೆಕೆಂಡ್ ಬೇಸ್‌ನ ಟಾಮಿ ಎಡ್ಮನ್ ಸೆಂಟರ್ ಫೀಲ್ಡ್‌ಗೆ ಹೋದ, ಬ್ಯಾಟಿಂಗ್‌ನಲ್ಲಿ ಒದ್ದಾಡ್ತಿದ್ದ ಆಂಡಿ ಪಾಹೆಸ್ ಬೆಂಚಿಗೆ ಬಂದ. ಒಂಬತ್ತನೇ ಇನಿಂಗ್ಸ್, ಒಂದು ರನ್ ಹಿಂದೆ, ಒಂದು ಔಟ್. 36 ವರ್ಷದ ರೋಹಾಸ್ ಟೊರಾಂಟೊ ಪಿಚರ್ ಜೆಫ್ ಹಾಫ್‌ಮನ್‌ಗೆ ಹೋಮ್ ರನ್ ಹೊಡೆದ, 4-4. ಅದು ಬೋನಸ್. ಅವನನ್ನು ಹಾಕಿದ್ದರ ನಿಜವಾದ ಕಾರಣ ಕಂಡದ್ದು ಅದೇ ಇನಿಂಗ್ಸ್‌ನ ಕೆಳಗಿನ ಅರ್ಧದಲ್ಲಿ, ಟೊರಾಂಟೊ ಬ್ಯಾಟಿಂಗ್‌ಗೆ ಬಂದಾಗ: ಮೂರೂ ಬೇಸ್ ತುಂಬಿ, ಡಾಲ್ಟನ್ ವಾರ್ಶೋ ಹೊಡೆದ ನೆಲದ ಚೆಂಡನ್ನು ರೋಹಾಸ್ ಮುಗ್ಗರಿಸುತ್ತಲೇ ಹಿಡಿದು ಹೋಮ್‌ಗೆ ಎಸೆದ. ಕೂದಲೆಳೆಯಲ್ಲಿ ಔಟ್. ಅದಕ್ಕೂ ಮುಂಚೆ, ಇನಿಂಗ್ಸ್ ನಡುವೆಯೇ, ಎಡ್ಮನ್ ಬದಲು ಪಾಹೆಸ್‌ನನ್ನು ಸೆಂಟರ್‌ಗೆ ಕಳಿಸಿದ್ದರು. ಮುಂದಿನ ಚೆಂಡು ಅವನ ಕಡೆಗೇ ಆಳಕ್ಕೆ ಹೋಯಿತು. ಓಡಿಬಂದಿದ್ದ ಲೆಫ್ಟ್ ಫೀಲ್ಡರ್ ಕೀಕೆ ಹೆರ್ನಾಂಡೆಸ್‌ನ ಮೇಲೆ ಬಿದ್ದು ಪಾಹೆಸ್ ಚೆಂಡು ಹಿಡಿದ.

ಟೊರಾಂಟೊ ಕಡೆ ನೋಡಿ. ಮಂಡಿ ನೋವಿದ್ದ ಬೋ ಬಿಶೆಟ್ ಬೇಸ್ ಸೇರಿದ ಕೂಡಲೇ ಅವನ ಬದಲು ಐಸಾಯಾ ಕೈನರ್-ಫಲೇಫಾ ಓಡೋಕೆ ಬಂದ. ಹೋಮ್‌ನಲ್ಲಿ ಔಟಾದದ್ದು ಅವನೇ. ಥರ್ಡ್ ಬೇಸ್‌ಗೆ ಅಂಟಿಕೊಂಡು ನಿಂತಿದ್ದ ಅಂತ ಎಲ್ಲರೂ ಬೈದರು. ನನಗೆ ದೊಡ್ಡದಾಗಿ ಕಾಣೋದು ಹನ್ನೊಂದನೇ ಇನಿಂಗ್ಸ್. ಒಂದು ರನ್ ಹಿಂದಿರುವಾಗ ವ್ಲಾಡಿಮಿರ್ ಗೆರೆರೋ ಡಬಲ್ ಹೊಡೆದು ಸೆಕೆಂಡ್ ಬೇಸ್ ಸೇರಿದ, ಮುಂದಿನ ಸರದಿ ಬಿಶೆಟ್‌ದು. ಅದೇ ಪಂದ್ಯದಲ್ಲಿ ಮೂರು ರನ್‌ಗಳ ಹೋಮ್ ರನ್ ಹೊಡೆದಿದ್ದ ಆ ಬ್ಯಾಟ್ ಜಾಗದಲ್ಲಿ ಕೈನರ್-ಫಲೇಫಾ ನಿಂತು ಬಂಟ್ (ಬ್ಯಾಟ್ ಬೀಸದೆ ಚೆಂಡನ್ನು ಮೆತ್ತಗೆ ತಟ್ಟೋದು) ಮಾಡಿದ. ಆಮೇಲೆ ಡಬಲ್ ಪ್ಲೇ, ಪಂದ್ಯ ಮುಗೀತು, 5-4ರಿಂದ ಡಾಜರ್ಸ್ ಗೆದ್ದರು. ಓಟಗಾರನನ್ನು ಹಾಕಿದ ತೀರ್ಮಾನ ತಪ್ಪು ಅಂತ ನಾನು ಹೇಳಲ್ಲ, ಆ ಮಂಡಿಯಲ್ಲಿ ಬಿಶೆಟ್ ಓಡ್ತಿರಲಿಲ್ಲ. ಆದರೆ ಬದಲಿ ಮಾಡುವಾಗ ಈ ಸರದಿ ಮತ್ತೆ ಎಷ್ಟು ಬೇಗ ಬರುತ್ತೆ ಅಂತ ಎಣಿಸಲೇಬೇಕು.

ಕಾಗದದ ಕೆಲಸಕ್ಕೆ ಬರೋಣ, ಯಾಕಂದರೆ ಬೆಂಚಿನ ಅರ್ಧ ತೀರ್ಮಾನ ಅಲ್ಲೇ ಆಗೋದು. 26ರ ಹಿಂದೆ 40 ಜನರ ಪಟ್ಟಿ ಇದೆ. ಆಟಗಾರನಿಗೆ ಸಾಮಾನ್ಯವಾಗಿ ಮೂರು ವರ್ಷದ ‘ಆಪ್ಷನ್’ ಇರುತ್ತೆ. ಆ ವರ್ಷಗಳಲ್ಲಿ ಅವನನ್ನು ಮೈನರ್ ಲೀಗ್‌ಗೆ ಸುಮ್ಮನೆ ಕಳಿಸಬಹುದು, ಆದರೆ ಸೀಸನ್‌ಗೆ ಐದು ಸಲ ಮಾತ್ರ, ಮತ್ತು ಕಳಿಸಿದ ಬ್ಯಾಟರ್ ಕನಿಷ್ಠ 10 ದಿನ ಅಲ್ಲೇ ಇರಬೇಕು. ಆಪ್ಷನ್ ಮುಗಿದವನನ್ನು ಕಳಿಸಬೇಕಾದರೆ ವೇವರ್ಸ್‌ಗೆ ಹಾಕಬೇಕು, ಅಂದರೆ ಮೊದಲು ಉಳಿದ ತಂಡಗಳ ಮುಂದೆ ಇಡಬೇಕು, ಬೇರೆ ತಂಡ ಎತ್ತಿಕೊಳ್ಳಬಹುದು. ಮಾರ್ಚ್‌ನಲ್ಲಿ ‘ಇವನನ್ಯಾಕೆ ಇಟ್ಟುಕೊಂಡ್ರು’ ಅನ್ನುವ ಪ್ರಶ್ನೆಗೆ ಅನೇಕ ಸಲ ಇಷ್ಟೇ ಉತ್ತರ. ಇನ್ನು ಆ ಚೆನ್ನಾಗಿ ಹೊಡೆಯುವ ಹುಡುಗ: ಇಪ್ಪತ್ತೆರಡು ವರ್ಷದವನನ್ನು ಬೆಂಚಿನಲ್ಲಿ ಕೂರಿಸಿ ವಾರಕ್ಕೆ ಐದು ಸರದಿ ಕೊಡೋದು ಅವನಿಗೆ ಮಾಡುವ ಅನ್ಯಾಯ. ಮೈನರ್ ಲೀಗ್‌ನ ಮೇಲಿನ ಮೆಟ್ಟಿಲು ಟ್ರಿಪಲ್-ಎನಲ್ಲಿ ದಿನವೂ ಆಡಲಿ. ಬೆಂಚಿಗೆ ಕೂರೋದು ಗೊತ್ತಿರುವ ಮೂವತ್ತು ದಾಟಿದವನು ಬೇಕು. 2025ರಲ್ಲಿ ಕನಿಷ್ಠ ಸಂಬಳ 7,60,000 ಡಾಲರ್. ಇಂಥ ಅನುಭವಿಗಳು ಅದಕ್ಕಿಂತ ಸ್ವಲ್ಪ ಮೇಲೆ ಕೊಟ್ಟರೆ ಸಿಗ್ತಾರೆ.

ಬೆಂಚ್ ಕೆಡೋದು ಹೆಚ್ಚಾಗಿ ಮೇ, ಜೂನ್‌ನಲ್ಲಿ. ಸ್ಟಾರ್ ಆಟಗಾರನ ತೊಡೆ ಹಿಡಿದುಕೊಳ್ಳುತ್ತೆ, ‘ಎರಡು ದಿನದಲ್ಲಿ ಸರಿಯಾಗ್ತಾನೆ’ ಅಂತ ಗಾಯಾಳು ಪಟ್ಟಿಗೆ ಹಾಕದೆ ಕಾಯ್ತಾರೆ. ಎರಡು ದಿನ ಆರಾಗುತ್ತೆ. ಆ ಆರೂ ದಿನ ಯುಟಿಲಿಟಿಯವನು ಮೈದಾನದಲ್ಲಿ, ಬೆಂಚಿನಲ್ಲಿ ಎರಡನೇ ಕ್ಯಾಚರ್ ಬಿಟ್ಟರೆ ಇಬ್ಬರು. ಮ್ಯಾನೇಜರ್ ಕೊನೆಯವನನ್ನು ಮುಟ್ಟೋಕೆ ಹೆದರ್ತಾನೆ, ಪಿಂಚ್ ಹಿಟರ್ ಬೇಕಾದ ಕಡೆ ಹಾಕಲ್ಲ, ಸೋಲ್ತಾರೆ. ಬ್ಯಾಟರ್‌ಗಳ ಗಾಯಾಳು ಪಟ್ಟಿ 10 ದಿನದ್ದು, ಮೂರು ದಿನ ಹಿಂದಿನ ತಾರೀಖಿಗೆ ಹಾಕಲೂ ಅವಕಾಶವಿದೆ. ಮೂರನೇ ದಿನಕ್ಕೂ ಓಡೋಕಾಗದವನನ್ನು ಹಾಕಿಬಿಡಿ, ಬೇರೆಯವನನ್ನು ಕರೆಸಿ.

ಸೆಪ್ಟೆಂಬರ್ 1ಕ್ಕೆ ಪಟ್ಟಿ 28 ಆಗುತ್ತೆ, ಪಿಚರ್‌ಗಳ ಮಿತಿ 14. ಹಾಗಾಗಿ ಬೆಂಚಿಗೆ ಬರೋದು ಒಂದೇ ಕುರ್ಚಿ. ಬಹಳ ಜನ ಅಲ್ಲಿ ಓಟಗಾರನನ್ನು ಕೂರಿಸ್ತಾರೆ, ನಾನಾದರೆ ಮೂರನೇ ಕ್ಯಾಚರ್‌ನನ್ನು ಕೂರಿಸ್ತೇನೆ. ಎರಡನೆಯವನನ್ನು ಡಿಎಚ್ ಮಾಡೋಕೆ ಭಯವೇ ಇರಲ್ಲ. ಪೋಸ್ಟ್‌ಸೀಸನ್‌ಗೆ ಮತ್ತೆ 26. ನಡುವೆ ಬಿಡುವಿನ ದಿನಗಳಿರೋದರಿಂದ ಒಬ್ಬ ಪಿಚರ್‌ನನ್ನು ಕಡಿಮೆ ಮಾಡಿ ಬೆಂಚಿಗೆ ಐದನೇ ಕುರ್ಚಿ ಹಾಕಬಹುದು, ಆದರೆ ಅದರಲ್ಲಿ ಕೂರುವವನು ಆಗಸ್ಟ್ 31ರೊಳಗೆ ಸಂಸ್ಥೆಯಲ್ಲಿರಬೇಕು. ಕೈನರ್-ಫಲೇಫಾನನ್ನು ಟೊರಾಂಟೊ ಪಿಟ್ಸ್‌ಬರ್ಗ್‌ನಿಂದ ವೇವರ್ಸ್‌ನಲ್ಲಿ ಎತ್ತಿಕೊಂಡದ್ದು ಸರಿಯಾಗಿ ಅದೇ ದಿನ. 2020ರಲ್ಲಿ ಥರ್ಡ್ ಬೇಸ್‌ಗೆ ಗೋಲ್ಡ್ ಗ್ಲವ್ ಗೆದ್ದವನು, ಶಾರ್ಟ್‌ಸ್ಟಾಪ್ ಬರುತ್ತೆ, 2018ರಲ್ಲಿ ಟೆಕ್ಸಾಸ್‌ಗೆ ಕ್ಯಾಚರ್ ಆಗಿಯೂ ಕೂತಿದ್ದ. ಕೊನೆಯ ದಿನದ ಅಂಗಡಿಯಲ್ಲಿ ಇದಕ್ಕಿಂತ ಒಳ್ಳೇ ಸರಕು ಸಿಗಲ್ಲ.